ಅಲಾರಂ ಪ್ಯಾನಲ್ ಮನೆಯ ಕಂಪ್ಯೂಟರ್ ಜತೆ ಮಾತಿಗಿಳಿದ ಕಥೆ

ಮುಂಬಾಗಿಲು ತೆರೆದಿದೆಯೇ, ಹಿಂದಿನ ಕಿಟಕಿ ಹಾಕಿದೆಯೇ, ಹಜಾರದಲ್ಲಿ ಯಾರಾದರೂ ಓಡಾಡುತ್ತಿದ್ದಾರೆಯೇ? ಅಲಾರಂ ಹಾಕಿಸಿದ ಮನೆಯಲ್ಲಿ ಇದೆಲ್ಲ ಒಂದು ಕಡೆ ಪ್ರತಿ ಕ್ಷಣವೂ ದಾಖಲಾಗುತ್ತಲೇ ಇರುತ್ತದೆ. ಕಪಾಟಿನೊಳಗೋ ಮೆಟ್ಟಿಲ ಕೆಳಗೋ ತೂಗುಹಾಕಿರುವ ಆ ಲೋಹದ ಡಬ್ಬಿಯೇ ಸೆಕ್ಯುರಿಟಿ ಪ್ಯಾನಲ್. ಯಾರೂ ಇಲ್ಲದ ಕೋಣೆಯ ದೀಪ ತಾನಾಗಿ ಆರಬೇಕು, ಮನೆಯವರೆಲ್ಲ ಹೊರಟ ಮೇಲೆ ಹೀಟರ್ ನಿಲ್ಲಬೇಕು ಎಂದು ಕಂಪ್ಯೂಟರಿಗೆ ಕೆಲಸ ಒಪ್ಪಿಸುವವರಿಗೆ ಬೇಕಾದ ಮಾಹಿತಿಯೂ ಇದೇ. ಸೆನ್ಸರ್‌ಗಳು ಆಗಲೇ ಇವೆ, ತಂತಿ ಎಳೆದಾಗಿದೆ, ಕರೆಂಟ್ ಹೋದರೆ ನೋಡಿಕೊಳ್ಳಲು ಬ್ಯಾಟರಿಯೂ ಇದೆ. ಇಷ್ಟಿದ್ದೂ ಆ ಡಬ್ಬಿಯೊಳಗಿನ ಸುದ್ದಿಯನ್ನು ಹೊರಗೆ ತರುವುದು ದಶಕಗಳ ಕಾಲ ಹರಸಾಹಸವಾಗಿತ್ತು. ಪ್ಯಾನಲ್‌ಗೆ ಬಾಯಿ ಇತ್ತು. ಅದು ಯಾರ ಜತೆ ಮಾತಾಡಬೇಕು ಎಂಬುದನ್ನು ಮಾತ್ರ ಮನೆಯವರು ತೀರ್ಮಾನಿಸಿರಲಿಲ್ಲ.

ಇದರ ಬೇರು ಬಹಳ ಹಿಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಅಗಸ್ಟಸ್ ರಸೆಲ್ ಪೋಪ್ 1853ರಲ್ಲಿ ವಿದ್ಯುತ್ ಚಾಲಿತ ಕಳ್ಳಗಂಟೆಗೆ ಪೇಟೆಂಟ್ ಪಡೆದರು. ಬಾಗಿಲು ಅಥವಾ ಕಿಟಕಿ ಸರಿದರೆ ಸರ್ಕ್ಯೂಟ್‌ನಲ್ಲಿ ವಿದ್ಯುತ್ ಹರಿದು, ವಿದ್ಯುತ್ಕಾಂತವೊಂದು ಸುತ್ತಿಗೆಯನ್ನು ಅಲುಗಿಸಿ ಗಂಟೆ ಬಾರಿಸುತ್ತಿತ್ತು. ಅದರ ಹಕ್ಕನ್ನು 1857ರಲ್ಲಿ ಕೊಂಡ ಎಡ್ವಿನ್ ಹೋಮ್ಸ್ ಅದನ್ನೊಂದು ವ್ಯಾಪಾರವಾಗಿ ಬೆಳೆಸಿದರು. ಮನೆಯಲ್ಲಿ ಗಂಟೆ ಬಾರಿಸಿದರಷ್ಟೇ ಸಾಲದು, ತಂತಿಯ ಆ ತುದಿಯ ಕಚೇರಿಯಲ್ಲಿ ಯಾರೋ ಕಾದು ಕೂತಿರಬೇಕು ಎಂಬ ವ್ಯವಸ್ಥೆ ಗಟ್ಟಿಯಾದದ್ದು ಆಗಲೇ. 1877ರಲ್ಲಿ ಬಾಸ್ಟನ್‌ನಲ್ಲಿ ಹೋಮ್ಸ್ ಕಂಪನಿಯ ಇದೇ ಅಲಾರಂ ತಂತಿಗಳು ಹಗಲಲ್ಲಿ ಟೆಲಿಫೋನ್ ಮಾತು ಹೊತ್ತು, ರಾತ್ರಿ ಕಾವಲಿಗೆ ಮರಳುತ್ತಿದ್ದವು. ಒಂದೇ ತಂತಿಯಿಂದ ಎರಡು ಕೆಲಸ ಮಾಡಿಸಿಕೊಳ್ಳುವ ಆಸೆ ಅಷ್ಟು ಹಳೆಯದು.

ಮೈಕ್ರೊಪ್ರೊಸೆಸರ್ ಅಗ್ಗವಾದ ಮೇಲೆ ಪ್ಯಾನಲ್‌ನೊಳಗೇ ಪುಟ್ಟ ಕಂಪ್ಯೂಟರ್ ಬಂದು ಕೂತಿತು. ಏನಾದರೂ ನಡೆದರೆ ಅದು ಮನೆಯ ಫೋನ್ ಲೈನನ್ನು ತನ್ನ ವಶಕ್ಕೆ ತೆಗೆದುಕೊಂಡು, ಮಾನಿಟರಿಂಗ್ ಸ್ಟೇಷನ್‌ಗೆ ಡಯಲ್ ಮಾಡಿ, ಅಂಕಿಗಳ ಒಂದು ಸಾಲು ಹೇಳಿ ಫೋನಿಡುತ್ತದೆ. ಅಡೆಮ್ಕೊ ಕಂಪನಿ ರೂಪಿಸಿದ ಕಾಂಟ್ಯಾಕ್ಟ್ ಐಡಿ ಎಂಬ ಪ್ರೊಟೊಕಾಲ್ ಇದಕ್ಕೆ ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ ಭಾಷೆಯಾಯಿತು. ಅದರ ಒಂದು ಸಂದೇಶವನ್ನು ಬಿಡಿಸಿ ನೋಡಿದರೆ ಪ್ಯಾನಲ್‌ಗೆ ಎಷ್ಟೆಲ್ಲ ಗೊತ್ತಿದೆ ಎಂಬುದು ಅರ್ಥವಾಗುತ್ತದೆ. 1234 18 1131 01 015 8 ಎಂಬ ಸಾಲನ್ನೇ ತೆಗೆದುಕೊಳ್ಳಿ. 1234 ಗ್ರಾಹಕನ ಅಕೌಂಟ್ ಸಂಖ್ಯೆ. 18 ಎಂದರೆ ಇದು ಕಾಂಟ್ಯಾಕ್ಟ್ ಐಡಿ ಸಂದೇಶ ಎಂಬ ಗುರುತು. ಮುಂದಿನ 1 ಹೊಸ ಘಟನೆ ಎನ್ನುತ್ತದೆ. ಅದೇ ಜಾಗದಲ್ಲಿ 3 ಇದ್ದಿದ್ದರೆ ಸ್ಥಿತಿ ಮೊದಲಿನಂತಾಗಿದೆ ಎಂದರ್ಥ. 131 ಎಂದರೆ ಮನೆಯ ಹೊರಸುತ್ತಿನಿಂದ ನುಸುಳಿದ ಕಳ್ಳತನದ ಅಲಾರಂ. 01 ಪಾರ್ಟಿಷನ್, ಅಂದರೆ ಮನೆಯ ಯಾವ ವಿಭಾಗ ಎಂಬುದು; 015 ಝೋನ್, ಅಂದರೆ ಯಾವ ಬಾಗಿಲು ಅಥವಾ ಸೆನ್ಸರ್ ಎಂಬುದು; ಕೊನೆಯ 8 ಲೆಕ್ಕ ತಾಳೆ ನೋಡುವ ಅಂಕಿ. ಇಷ್ಟೂ ಫೋನ್ ಬಟನ್ ಒತ್ತಿದಾಗ ಕೇಳಿಸುವಂಥದೇ ಸ್ವರಗಳಲ್ಲಿ, ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಇದನ್ನೆಲ್ಲ ಕೇಳುವ ಕಿವಿ ಮಾತ್ರ ಮನೆಯ ಹೊರಗಿತ್ತು. ಪ್ಯಾನಲ್ಲಿನ ಸೆಟ್ಟಿಂಗ್ ಬದಲಿಸಲು ಇನ್‌ಸ್ಟಾಲರ್ ಕೋಡ್ ಬೇಕು, ಅದು ಅಲಾರಂ ಹಾಕಿದ ಕಂಪನಿಯ ಬಳಿ ಇರುತ್ತದೆ. ಕಂಪನಿಯವರು ಮೋಡೆಮ್ ಇಟ್ಟುಕೊಂಡು ತಮ್ಮ ಕಚೇರಿಯಿಂದಲೇ ಪ್ಯಾನಲ್‌ಗೆ ಫೋನ್ ಹಚ್ಚಿ ಪ್ರೋಗ್ರಾಂ ತಿದ್ದಬಲ್ಲವರಾಗಿದ್ದರು. ಅಂದರೆ ಪ್ಯಾನಲ್ಲನ್ನು ಕಂಪ್ಯೂಟರಿಗೆ ಜೋಡಿಸುವ ವಿದ್ಯೆ ಆಗಲೇ ಸಿದ್ಧವಿತ್ತು. ಮನೆಯವರಿಗೆ ಕೊಟ್ಟದ್ದು ನಾಲ್ಕಂಕಿಯ ಕೋಡ್ ಒತ್ತುವ ಕೀಪ್ಯಾಡ್ ಮಾತ್ರ. ಕಳ್ಳನ ಕೈಗೆ ಸಿಗಬಾರದು ಎಂಬ ಕಾರಣಕ್ಕೆ ಬಿಗಿ ಇರಬೇಕು, ನಿಜ. ಆದರೆ ತಾನೇ ಹಣ ಕೊಟ್ಟು ಕೊಂಡ ಪ್ಯಾನಲ್ಲಿನ ಇನ್‌ಸ್ಟಾಲರ್ ಕೋಡ್ ಮನೆಯೊಡೆಯನಿಗೇ ಸಿಗದಂತೆ ಲಾಕ್ ಮಾಡಿ ಹೋಗುವ ರೂಢಿಗೆ ಆ ಸಮಜಾಯಿಷಿ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೋಮ್ ಆಟೊಮೇಷನ್, ಅಂದರೆ ದೀಪ, ಹೀಟರ್‌ಗಳನ್ನು ಕಂಪ್ಯೂಟರಿಗೆ ಒಪ್ಪಿಸುವ ಕೆಲಸದ ಕಥೆ ಬೇರೆಯದೇ ದಾರಿಯಲ್ಲಿ ಸಾಗಿತ್ತು. 1975ರಲ್ಲಿ ಸ್ಕಾಟ್ಲೆಂಡ್‌ನ ಪಿಕೊ ಎಲೆಕ್ಟ್ರಾನಿಕ್ಸ್ ರೂಪಿಸಿದ ಎಕ್ಸ್10, ಮನೆಯ ವಿದ್ಯುತ್ ತಂತಿಯ ಮೇಲೆಯೇ 120 ಕಿಲೊಹರ್ಟ್ಸ್‌ನ ಸಂಕೇತ ಕಳಿಸಿ ದೀಪ ಹಚ್ಚುತ್ತಿತ್ತು, ಆರಿಸುತ್ತಿತ್ತು. 16 ಮನೆ ಕೋಡ್, ಪ್ರತಿಯೊಂದಕ್ಕೂ 16 ಘಟಕ, ಒಟ್ಟು 256 ವಿಳಾಸ. ಅದನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಗಳೂ ಬಂದವು. ಎಕ್ಸ್10 ಮೊದಮೊದಲು ಕೈಕಾಲು ಕೊಟ್ಟಿತೇ ಹೊರತು ಕಣ್ಣು ಕೊಡಲಿಲ್ಲ. ಮನೆಯಲ್ಲಿ ಯಾರಿದ್ದಾರೆ, ಯಾವ ಬಾಗಿಲು ತೆರೆದಿದೆ ಎಂಬುದು ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲ. ಹವ್ಯಾಸಿಗಳ ಕಣ್ಣು ಅಲಾರಂ ಪ್ಯಾನಲ್ ಮೇಲೆ ಬಿದ್ದದ್ದು ಈ ಕೊರತೆಯಿಂದಾಗಿಯೇ.

ತಯಾರಕರು ತೆರೆದ ಅಧಿಕೃತ ದಾರಿ ಸೀರಿಯಲ್ ಪೋರ್ಟ್, ಅಂದರೆ ಮಾಹಿತಿಯನ್ನು ಒಂದೊಂದೇ ಬಿಟ್ ಆಗಿ ಸಾಲಾಗಿ ಕಳಿಸುವ ಕಿಂಡಿ. ಆರ್‌ಎಸ್-232 ಎಂಬ, 1960ರಷ್ಟು ಹಿಂದಿನ ಮಾನದಂಡ. ಹೋಮ್ ಆಟೊಮೇಷನ್ ಇಂಕ್‌ನ ಓಮ್ನಿ, ಎಲ್ಕ್‌ನ ಎಂ1 ಪ್ಯಾನಲ್‌ಗಳು ಅಲಾರಂ ಮತ್ತು ಆಟೊಮೇಷನ್ ಎರಡನ್ನೂ ಮೊದಲಿನಿಂದಲೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಉಳಿದವರು ಬೇಕಾದರೆ ಕೊಳ್ಳಿ ಎಂದು ಪ್ರತ್ಯೇಕ ಮಾಡ್ಯೂಲ್ ಕೊಟ್ಟರು. ಕೆನಡಾ ಮೂಲದ ಡಿಎಸ್‌ಸಿ ಕಂಪನಿಯ ಐಟಿ-100 ಅಂಥದ್ದು. ಮೂರನೇ ಝೋನ್‌ನ ಬಾಗಿಲು ತೆರೆದ ಕೂಡಲೇ ಅದು ಕಂಪ್ಯೂಟರಿಗೆ 60900332 ಎಂದು ಕಳಿಸುತ್ತದೆ. 609 ಎಂದರೆ ಝೋನ್ ತೆರೆದಿದೆ, 003 ಝೋನ್ ಸಂಖ್ಯೆ, ಕೊನೆಯ 32 ಹಿಂದಿನ ಆರು ಅಕ್ಷರಗಳ ಮೊತ್ತದಿಂದ ಬಂದ ತಾಳೆ. ಬಾಗಿಲು ಮುಚ್ಚಿದರೆ 610 ಬರುತ್ತದೆ. ನಾಲ್ಕಾರು ಸಾಲಿನ ಪ್ರೋಗ್ರಾಂ ಬರೆಯಬಲ್ಲ ಯಾರಿಗೂ ಇದು ಸಾಕು. ಇನ್ನೊಂದು ದಿಕ್ಕಿನಲ್ಲಿ, ಕಂಪ್ಯೂಟರಿನಿಂದ ಪ್ಯಾನಲ್‌ಗೆ ಹೋಗುವ ಆದೇಶಗಳಲ್ಲಿ ನನಗೆ ತುಂಬ ಹಿಡಿಸಿದ ವಿವೇಕವೊಂದಿದೆ. ಅಲಾರಂ ಆರ್ಮ್ ಮಾಡುವ 030 ಎಂಬ ಆದೇಶಕ್ಕೆ ಯಾವ ಕೋಡ್ ಕೂಡ ಬೇಡ. ಡಿಸ್‌ಆರ್ಮ್ ಮಾಡುವ 040ಕ್ಕೆ ಬಳಕೆದಾರನ ಕೋಡ್ ಬೇಕೇ ಬೇಕು. ಕಾವಲು ಹಾಕಲು ಯಾರಾದರೇನು, ತೆಗೆಯುವವರು ಯಾರೆಂದು ಗೊತ್ತಿರಬೇಕು. ತಮ್ಮ ಆಟೊಮೇಷನ್ ಪ್ರೋಗ್ರಾಂನಲ್ಲಿ ಕೋಡನ್ನು ಬರೆದಿಟ್ಟು, ಮಾಲೀಕನ ಫೋನ್ ಹತ್ತಿರ ಬಂದರೆ ಡಿಸ್‌ಆರ್ಮ್ ಆಗಲಿ ಎಂದು ಮಾಡಿಕೊಳ್ಳುವವರು ಈ ವಿವೇಕವನ್ನೇ ಕೈಯಾರೆ ಅಳಿಸುತ್ತಾರೆ.

ಅಧಿಕೃತ ಮಾಡ್ಯೂಲ್ ಇಲ್ಲದ, ಇದ್ದರೂ ಸಿಗದ ಪ್ಯಾನಲ್‌ಗಳಿಗೆ ಹವ್ಯಾಸಿಗಳು ಕಂಡುಕೊಂಡ ದಾರಿ ಕೀಪ್ಯಾಡ್‌ನದು. ಪ್ಯಾನಲ್ಲಿನಿಂದ ಕೀಪ್ಯಾಡ್‌ಗೆ ಹೋಗುವುದು ನಾಲ್ಕು ತಂತಿ: ಕೆಂಪು, ಕಪ್ಪು, ಹಳದಿ, ಹಸಿರು. ಕೆಂಪು ಕಪ್ಪು ಕರೆಂಟಿಗೆ. ಉಳಿದೆರಡರಲ್ಲಿ ಇಡೀ ಮನೆಯ ಸುದ್ದಿ ಹರಿಯುತ್ತಿರುತ್ತದೆ. ಡಿಎಸ್‌ಸಿ ಪವರ್ ಸರಣಿಯ ಪ್ಯಾನಲ್‌ಗಳಲ್ಲಿ ಹಳದಿ ತಂತಿ ಗಡಿಯಾರದಂತೆ ಮಿಡಿಯುತ್ತದೆ, ಹಸಿರಿನಲ್ಲಿ ಮಾತು. ಮಿಡಿತ ಮೇಲಿರುವಾಗ ಪ್ಯಾನಲ್ ಹೇಳುತ್ತದೆ, ಕೆಳಗಿಳಿದಾಗ ಕೀಪ್ಯಾಡ್ ಉತ್ತರಿಸುತ್ತದೆ. ಈ ಮಾತನ್ನು ಕದ್ದು ಕೇಳಿ, ಬಿಟ್ ಬಿಟ್ಟಾಗಿ ಬರೆದಿಟ್ಟು, ಯಾವ ಬಾಗಿಲು ತೆರೆದಾಗ ಯಾವ ಬಿಟ್ ಬದಲಾಗುತ್ತದೆ ಎಂದು ಹೊಂದಿಸಿ ನೋಡಿದವರ ತಾಳ್ಮೆಗೆ ದೊಡ್ಡ ನಮಸ್ಕಾರ. ಕೈಪಿಡಿ ಇಲ್ಲ, ತಯಾರಕರ ನೆರವಿಲ್ಲ. ತಾನೂ ಒಂದು ಕೀಪ್ಯಾಡ್ ಎಂದು ಪ್ಯಾನಲ್‌ಗೆ ಪರಿಚಯಿಸಿಕೊಂಡು, ಕೇಳಿದ್ದನ್ನು ಯುಎಸ್‌ಬಿ ಮೂಲಕವೋ ಮನೆಯ ನೆಟ್‌ವರ್ಕ್ ಮೂಲಕವೋ ದಾಟಿಸುವ ಅಲಾರಂಡಿಕೋಡರ್, ಎನ್ವಿಸಾಲಿಂಕ್‌ನಂಥ ಬೋರ್ಡ್‌ಗಳೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತವೆ.

ಈ ದಾರಿಗೂ ಒಂದು ಮಿತಿ ಇದೆ, ಹನಿವೆಲ್‌ನ ವಿಸ್ಟಾ ಪ್ಯಾನಲ್ ಇದ್ದವರಿಗೆ ಅದು ಚೆನ್ನಾಗಿ ಗೊತ್ತು. ಅಲ್ಲಿ ಕೀಪ್ಯಾಡ್‌ಗೆ ಬರುವುದು ಪರದೆಯ ಮೇಲೆ ತೋರಿಸಬೇಕಾದ ಅಕ್ಷರಗಳು. 3, 5, 8ನೇ ಝೋನ್‌ಗಳು ತೆರೆದಿದ್ದರೆ ಪ್ಯಾನಲ್ ಒಂದಾದ ಮೇಲೊಂದರಂತೆ ಸರದಿಯಲ್ಲಿ ಆ ಹೆಸರುಗಳನ್ನು ತೋರಿಸುತ್ತ ಹೋಗುತ್ತದೆ. ಐದನೆಯದು ಮುಚ್ಚಿದಾಗ 'ಐದು ಮುಚ್ಚಿತು' ಎಂದೇನೂ ಹೇಳುವುದಿಲ್ಲ. ಮುಂದಿನ ಸುತ್ತಿನಲ್ಲಿ ಮೂರಾದ ಮೇಲೆ ನೇರ ಎಂಟು ಬರುತ್ತದೆ, ಅಷ್ಟೆ. ಮನುಷ್ಯರ ಕಣ್ಣಿಗೆ ಇದು ಧಾರಾಳ ಸಾಕು. ಕಂಪ್ಯೂಟರ್ ಮಾತ್ರ ಸರದಿಯಲ್ಲಿ ಯಾರು ತಪ್ಪಿದರು ಎಂದು ನೋಡುತ್ತ, ಬಾಗಿಲು ಮುಚ್ಚಿರಬೇಕೆಂದು ಊಹಿಸಬೇಕಾಗುತ್ತದೆ. ಆದ್ದರಿಂದ ಬಾಗಿಲು ಮುಚ್ಚಿದ ತಕ್ಷಣ ದೀಪ ಆರಬೇಕು ಎಂಬ ಸರಳ ಆಸೆಯೂ ಇಲ್ಲಿ ಕೆಲವೊಮ್ಮೆ ತಡವಾಗಿ ನೆರವೇರುತ್ತದೆ. ತಂತ್ರಾಂಶವನ್ನು ದೂರಿ ಫಲವಿಲ್ಲ. ಆ ಸಂಭಾಷಣೆಯನ್ನು ರೂಪಿಸಿದವರು ಓದುಗ ಮನುಷ್ಯನೆಂದೇ ಎಣಿಸಿದ್ದರು.

ತಂತ್ರಾಂಶದ ಕಡೆಯೂ ಕೆಲಸ ನಡೆದೇ ಇತ್ತು. ಪರ್ಲ್ ಭಾಷೆಯಲ್ಲಿ ಬರೆದ ಮಿಸ್ಟರ್‌ಹೌಸ್ ಮೊದಲ ತಲೆಮಾರಿನದು. 2010ರಲ್ಲಿ ಓಪನ್‌ಹ್ಯಾಬ್, 2013ರಲ್ಲಿ ಪೌಲಸ್ ಸ್ಕೌಟ್ಸನ್ ಆರಂಭಿಸಿದ ಹೋಮ್ ಅಸಿಸ್ಟೆಂಟ್ ಬಂದವು. ಇವೆಲ್ಲ ಮುಕ್ತ ತಂತ್ರಾಂಶಗಳು. ಒಬ್ಬರು ಒಂದು ಪ್ಯಾನಲ್ಲಿನ ಗುಟ್ಟು ಬಿಡಿಸಿದರೆ ಅದು ಎಲ್ಲರ ಪಾಲಿಗೂ ಸಿಗುವಂತಾಯಿತು. 2012ರ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, 2014ರ ಇಎಸ್‌ಪಿ8266 ಎಂಬ ಅಗ್ಗದ ವೈ-ಫೈ ಚಿಪ್ ಬಂದ ಮೇಲೆ ಇದಕ್ಕೆಂದು ದೊಡ್ಡ ಕಂಪ್ಯೂಟರನ್ನು ಹಗಲೂ ರಾತ್ರಿ ಓಡಿಸುವ ಅಗತ್ಯವೂ ಹೋಯಿತು.

ಹೀಗೆ ಜೋಡಿಸುವವರು ಎಡವುವುದು ಹೆಚ್ಚಾಗಿ ವಿದ್ಯುತ್ತಿನ ವಿಷಯದಲ್ಲಿ. ಕೀಪ್ಯಾಡ್ ತಂತಿಗಳಲ್ಲಿರುವುದು 12 ವೋಲ್ಟ್‌ನ ಆಸುಪಾಸು. ಇಎಸ್‌ಪಿ8266 ತಡೆದುಕೊಳ್ಳುವುದು 3.3 ವೋಲ್ಟ್. ನಡುವೆ ವೋಲ್ಟೇಜ್ ಇಳಿಸುವ ರೆಸಿಸ್ಟರ್ ಜೋಡಿ ಇಲ್ಲದೆ ನೇರ ಸಿಕ್ಕಿಸಿದರೆ ಚಿಪ್ ಸುಡುತ್ತದೆ. ಗೋಡೆಯ ಪ್ಲಗ್‌ನಿಂದ ಅರ್ತ್ ಪಡೆದ ಕಂಪ್ಯೂಟರನ್ನು ಸೀರಿಯಲ್ ತಂತಿಯಿಂದ ಪ್ಯಾನಲ್‌ಗೆ ಕಟ್ಟಿದರೆ ಎರಡರ ಗ್ರೌಂಡ್ ಒಂದಾಗಿ ಹೊಸ ತೊಂದರೆ ಹುಟ್ಟಬಹುದು. ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೊ-ಐಸೊಲೇಟರ್ ಇಡುವುದು ಅದಕ್ಕೇ. ಇನ್ನು ಬ್ಯಾಟರಿ. ಪ್ಯಾನಲ್‌ನೊಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನದು. ಐದು ವಾಟ್ ಬೇಡುವ ಪುಟ್ಟ ಕಂಪ್ಯೂಟರನ್ನು ಅದಕ್ಕೇ ತಗುಲಿಸಿದರೆ ಅದೊಂದೇ 400 ಮಿಲಿಆಂಪಿಯರ್‌ಗೂ ಮಿಕ್ಕಿ ಎಳೆಯುತ್ತದೆ. ಕರೆಂಟ್ ಹೋದ ರಾತ್ರಿ ಸೈರನ್‌ಗೆಂದು ಕೂಡಿಟ್ಟ ಶಕ್ತಿ ಆಟೊಮೇಷನ್‌ಗೆ ಖರ್ಚಾಗಬಾರದು. ಕಂಪ್ಯೂಟರಿಗೆ ಅದರದೇ ಯುಪಿಎಸ್ ಇರಲಿ. ಹೊಗೆ ಮತ್ತು ಬೆಂಕಿಯ ಸೆನ್ಸರ್‌ಗಳ ತಂತಿಗೆ ಕೈ ಹಚ್ಚಲೇಬಾರದು. ಮನೆಯ ಬೆಂಕಿ ಎಚ್ಚರಿಕೆ ಉಪಕರಣಗಳಿಗೆ ಅಮೆರಿಕದಲ್ಲಿ ಯುಎಲ್ 985 ಎಂಬ ಪ್ರತ್ಯೇಕ ಮಾನದಂಡವೇ ಇರುವುದು ಸುಮ್ಮನೆ ಅಲ್ಲ. ಹಳೆಯ ಪ್ಯಾನಲ್ ಕಿತ್ತುಹಾಕಿ, ಸೆನ್ಸರ್‌ಗಳನ್ನೆಲ್ಲ ನೇರ ಸಣ್ಣ ಬೋರ್ಡ್‌ಗಳಿಗೆ ಕಟ್ಟುವುದೂ ಈಗ ಸುಲಭ. ಆಟೊಮೇಷನ್ ಮಟ್ಟಿಗೆ ಅದು ಚೊಕ್ಕ ಪರಿಹಾರ. ಕಾವಲಿನ ಮಟ್ಟಿಗೆ ನಾನು ಒಪ್ಪುವುದಿಲ್ಲ. ಅಪ್‌ಡೇಟ್ ಮಧ್ಯೆ ಕಂಪ್ಯೂಟರ್ ಕೂತುಬಿಟ್ಟರೂ ಪ್ಯಾನಲ್ ತನ್ನ ಪಾಡಿಗೆ ತಾನು ಕೂಗಬೇಕು.

ನೆಟ್‌ವರ್ಕ್ ಬಂದ ಮೇಲೆ ಭಯದ ಸ್ವರೂಪವೂ ಬದಲಾಯಿತು. ಎನ್ವಿಸಾಲಿಂಕ್ ಬೋರ್ಡ್ ಮನೆಯೊಳಗಿನ ನೆಟ್‌ವರ್ಕ್‌ನಲ್ಲಿ 4025ನೇ ಪೋರ್ಟ್ ತೆರೆದಿಟ್ಟು ಕಾಯುತ್ತದೆ. ಅಲ್ಲಿ ನಡೆಯುವ ಮಾತುಕತೆಗೆ ಎನ್‌ಕ್ರಿಪ್ಷನ್ ಇಲ್ಲ. ಮನೆಯೊಳಗಿದ್ದರೆ ಸರಿ, ರೂಟರಿನಲ್ಲಿ ಆ ಪೋರ್ಟನ್ನು ಹೊರಜಗತ್ತಿಗೆ ತೆರೆದರೆ ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟಂತೆ. ತಂತಿಯಿಲ್ಲದ ಸೆನ್ಸರ್‌ಗಳ ಸಂಗತಿಯೂ ಅಷ್ಟೆ. ಹಲವು ಹಳೆಯ ಮಾದರಿಗಳು ಗುಪ್ತಲಿಪಿಯಿಲ್ಲದೆ ರೇಡಿಯೊದಲ್ಲಿ ಕೂಗಿ ಹೇಳುತ್ತವೆ, ಪಕ್ಕದ ರಸ್ತೆಯಲ್ಲಿ ನಿಂತವರೂ ಕೇಳಬಹುದು ಎಂಬುದನ್ನು 2014ರಲ್ಲಿ ಸಂಶೋಧಕ ಲೋಗನ್ ಲ್ಯಾಂಬ್ ತೋರಿಸಿಕೊಟ್ಟರು.

ಇದಾವ ಗೋಜೂ ಬೇಡ, ಎಲ್ಲವನ್ನೂ ನಾವೇ ಆ್ಯಪ್‌ನಲ್ಲಿ ಕೊಡುತ್ತೇವೆ ಎಂದು ಕಂಪನಿಗಳು ಬಂದದ್ದು ಇದೇ ಹೊತ್ತಿಗೆ. ಅನುಕೂಲವೇನೋ ನಿಜ, ಆದರೆ ಪ್ಯಾನಲ್ ಮತ್ತೆ ದೂರದ ಕಚೇರಿಗೇ ವರದಿ ಒಪ್ಪಿಸತೊಡಗಿತು. ಮನೆಯ ಉಪಕರಣಗಳನ್ನೆಲ್ಲ ಒಂದೆಡೆ ಜೋಡಿಸುವ ರಿವಾಲ್ವ್ ಎಂಬ ಹಬ್ 2016ರ ಮೇ ತಿಂಗಳಲ್ಲಿ ನಿಂತುಹೋಯಿತು, ಕೊಂಡವರ ಬಳಿ ಉಳಿದದ್ದು ಖಾಲಿ ಡಬ್ಬಿ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಹೋಮ್ ಆಟೊಮೇಷನ್ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ಬಂದ್ ಆದವು. ಗೂಗಲ್‌ನ ನೆಸ್ಟ್ ಸೆಕ್ಯೂರ್ ಅಲಾರಂಗೆ 2024ರ ಏಪ್ರಿಲ್ 8ಕ್ಕೆ ಬೆಂಬಲ ಮುಗಿಯಿತು. ಮಾರಾಟಕ್ಕೆ ಬಂದದ್ದು 2017ರಲ್ಲಿ. ಅದಕ್ಕಿಂತ ಎಷ್ಟೋ ಹಳೆಯ, ತಂತಿಯ ಪ್ಯಾನಲ್‌ಗಳು ಇವತ್ತಿಗೂ ಗೋಡೆಯ ಮೇಲೆ ಕೆಲಸ ಮಾಡುತ್ತಿವೆ. ಮೊಬೈಲ್ ಜಾಲ ನಂಬಿದವರಿಗೂ ಎರಡು ಸಲ ಏಟು ಬಿದ್ದಿದೆ: ಅಮೆರಿಕದಲ್ಲಿ ಅನಲಾಗ್ ಜಾಲ 2008ರಲ್ಲಿ, 3ಜಿ 2022ರಲ್ಲಿ ಮುಚ್ಚಿದಾಗ, ಅವನ್ನೇ ನೆಚ್ಚಿಕೊಂಡಿದ್ದ ಅಲಾರಂ ಸಂಪರ್ಕ ಸಾಧನಗಳನ್ನು ಬದಲಿಸಬೇಕಾಯಿತು.

ಫೋನ್ ಲೈನ್ ಕಿತ್ತುಹಾಕಿದ ಮನೆಗಳಲ್ಲಿ ಹಳೆಯ ಪ್ಯಾನಲ್‌ಗಳು ಡಯಲ್ ಮಾಡಲು ಯಾರೂ ಇಲ್ಲದೆ ಕೂತಿವೆ. ಅವಕ್ಕೂ ಉಪಾಯವಿದೆ. ಆಸ್ಟರಿಸ್ಕ್ ಎಂಬ ಮುಕ್ತ ಟೆಲಿಫೋನ್ ತಂತ್ರಾಂಶದಲ್ಲಿ ಅಲಾರಂ ರಿಸೀವರ್ ಎಂಬ ಸೌಲಭ್ಯ ಇದೆ. ಸಾಮಾನ್ಯ ಫೋನನ್ನು ಇಂಟರ್ನೆಟ್ ಕರೆಗೆ ಜೋಡಿಸುವ ಅಡಾಪ್ಟರ್‌ಗೆ ಪ್ಯಾನಲ್ಲಿನ ಫೋನ್ ತಂತಿ ಸಿಕ್ಕಿಸಿ, ಆ ಕರೆ ಮನೆಯ ಕಂಪ್ಯೂಟರಿಗೇ ಬರುವಂತೆ ಮಾಡಿದರೆ ಆಯಿತು. ಕಂಪ್ಯೂಟರ್ 1400, 2300 ಹರ್ಟ್ಸ್‌ನ ಎರಡು ಸ್ವರ ನುಡಿಸಿ ತಾನೇ ಮಾನಿಟರಿಂಗ್ ಸ್ಟೇಷನ್ ಎಂಬಂತೆ ಉತ್ತರಿಸುತ್ತದೆ. ಪ್ಯಾನಲ್ ತನ್ನ ಕಾಂಟ್ಯಾಕ್ಟ್ ಐಡಿ ಸಾಲನ್ನು ಒಪ್ಪಿಸುತ್ತದೆ. ಕಂಪ್ಯೂಟರ್ ಅದನ್ನು ಫೈಲಿಗೆ ಬರೆದುಕೊಂಡು, ಮುಟ್ಟಿತು ಎಂದು ಮತ್ತೊಂದು ಸ್ವರ ಕೊಟ್ಟು ಫೋನಿಡುತ್ತದೆ. ಅಲಾರಂ, ಆರ್ಮ್, ಡಿಸ್‌ಆರ್ಮ್, ಬ್ಯಾಟರಿ ದೋಷದಂಥ ವರದಿಗಳಷ್ಟೇ ಈ ದಾರಿಯಲ್ಲಿ ಬರುತ್ತವೆ. ಹಗಲಲ್ಲಿ ಸುಮ್ಮನೆ ಬಾಗಿಲು ತೆರೆದು ಮುಚ್ಚಿದ್ದು ತಿಳಿಯಬೇಕಾದರೆ ಆ ನಾಲ್ಕು ತಂತಿಗಳ ಬಳಿಗೇ ಹೋಗಬೇಕು.