ಆ ಗೋಪುರ ಕ್ಯಾಡ್ವನ್ ಕಟ್ಟಿದ್ದಲ್ಲ

ವೇಲ್ಸಿನ ವಾಯುವ್ಯ ತುದಿಯ ಬಾರ್ಡ್ಸಿ ದ್ವೀಪಕ್ಕೆ ಜನರನ್ನು ಕರೆದುಕೊಂಡು ಹೋಗಿ ಇತಿಹಾಸ ಹೇಳುವುದು ನನ್ನ ಕೆಲಸ. ದೋಣಿ ಇಳಿದು ಉತ್ತರಕ್ಕೆ ನಡೆದರೆ ಒಂದು ಮುರುಕಲು ಗೋಪುರ ಕಾಣುತ್ತದೆ. ಕಂಡ ತಕ್ಷಣ ಯಾರಾದರೊಬ್ಬರು ಫೋಟೊ ತೆಗೆದು "516ನೇ ಇಸವಿಯ ಮಠ" ಅಂತ ಬರೆದು ಹಾಕಿಬಿಡುತ್ತಾರೆ. ದಾರಿಯುದ್ದಕ್ಕೂ ನಾನು ಹೇಳಿದ್ದೆಲ್ಲ ನೀರಲ್ಲಿ ಹೋಮ.

ಆ ಗೋಪುರ 13ನೇ ಶತಮಾನದ್ದು. ಇನ್ನೊಮ್ಮೆ ಹೇಳುತ್ತೇನೆ, ಹದಿಮೂರು. ಸಂತ ಮೇರಿಯ ಹೆಸರಿನ ಅಗಸ್ಟೀನಿಯನ್ (ಸಂತ ಅಗಸ್ಟೀನನ ನಿಯಮ ಪಾಲಿಸುವ ಕ್ರೈಸ್ತ ಪಂಥ) ಮಠದ್ದು. ಕ್ಯಾಡ್ವನ್ ಎಂಬ ಸಂತ 516ರಲ್ಲಿ ಇಲ್ಲಿ ಮಠ ಶುರು ಮಾಡಿದ ಎನ್ನುವುದು ಹಿಂದಿನಿಂದ ಬಂದ ಮಾತು, ಆ ಇಸವಿಯ ಮೇಲೆ ನಾನಂತೂ ಆಣೆ ಇಡಲಾರೆ. ಒಪ್ಪಿಕೊಂಡರೂ ನಡುವೆ ಸುಮಾರು 700 ವರ್ಷ ಇದೆ. ಅಜ್ಜನ ಮಣ್ಣಿನ ಮನೆ ಇದ್ದ ಜಾಗದಲ್ಲಿ ಮೊಮ್ಮಗ ಆರ್‌ಸಿಸಿ ಮನೆ ಕಟ್ಟಿದರೆ ಅದನ್ನು ಅಜ್ಜ ಕಟ್ಟಿದ್ದು ಅಂತೀವಾ?

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಬಿಡಲೇ ಇಲ್ಲ. "ಹಳೇದು ಬಿದ್ದಿತ್ತು, ಇವರು ರಿಪೇರಿ ಮಾಡಿದ್ರು ಅಂತಿಟ್ಕೊಳ್ರೀ" ಅಂದರು. ಕಟ್ಟಡ ಮಾತ್ರ ಬದಲಾಗಿದ್ದರೆ ಹಾಗೇ ಇಟ್ಕೋಬಹುದಿತ್ತು ಸಾರ್. ಅಲ್ಲಿದ್ದವರು ಬಾಳುವ ರೀತಿಯೇ ಬದಲಾಯಿತು. ವೇಲ್ಸಿನ ಹಳೆಯ ಮಠಗಳಿಗೆ ಎಲ್ಲ ಕಡೆ ಒಂದೇ ಕಟ್ಟಳೆ ಅಂತ ಇರಲಿಲ್ಲ, ಕೆಲವು ಕಡೆ ಹುದ್ದೆ ಅಪ್ಪನಿಂದ ಮಗನಿಗೆ ಹೋಗುತ್ತಿತ್ತು. ಅಗಸ್ಟೀನಿಯನ್ನರದು ಯುರೋಪಿನಲ್ಲೆಲ್ಲ ನಡೆಯುತ್ತಿದ್ದ ನಿಯಮ. 1188ರಲ್ಲಿ ವೇಲ್ಸ್ ಸುತ್ತಿದ ಜೆರಾಲ್ಡ್ ಎಂಬ ಪಾದ್ರಿ, ದ್ವೀಪದಲ್ಲಿ ಹಳೆಯ ಪದ್ಧತಿಯ ಸಂನ್ಯಾಸಿಗಳಿದ್ದಾರೆ ಅಂತಲೇ ಬರೆದ. ಅಂದರೆ ಗೋಪುರ ಕಟ್ಟಿದವರು ಆಗಿನ್ನೂ ಬಂದಿರಲಿಲ್ಲ. ಅಲ್ಲಿ ಮುಪ್ಪಿನಿಂದ ಬಿಟ್ಟರೆ ಬೇರೆ ಸಾವೇ ಇಲ್ಲ ಅಂತಲೂ ಜೆರಾಲ್ಡ್ ಸೇರಿಸಿದ್ದಾನೆ. ಇದನ್ನು ಹೇಳಿದರೆ ಮಾತ್ರ ಎಲ್ಲರೂ ಕಿವಿ ನೆಟ್ಟಗೆ ಮಾಡಿ, ಅಲ್ಲಿ ಸೈಟು ಸಿಗುತ್ತಾ ಅಂತ ಕೇಳುತ್ತಾರೆ!

ಇನ್ನು ಈ ದ್ವೀಪದಲ್ಲಿ 20,000 ಸಂತರ ಗೋರಿಗಳಿವೆ ಎನ್ನುವ ಮಾತು. ದ್ವೀಪವೇ 2 ಚದರ ಕಿಲೋಮೀಟರಿಗಿಂತ ಕಡಿಮೆ. ಈ ಸಂಖ್ಯೆ 12ನೇ ಶತಮಾನದ ಲ್ಯಾಂಡಾಫ್ ಗ್ರಂಥದಲ್ಲಿದೆ, ಅದು ದಕ್ಷಿಣ ವೇಲ್ಸಿನ ಲ್ಯಾಂಡಾಫ್ ಚರ್ಚಿನವರದೇ ಗ್ರಂಥ. ಲ್ಯಾಂಡಾಫಿನ ಬಿಷಪ್ ಅರ್ಬನ್ 1120ರಲ್ಲಿ ಇಲ್ಲಿಂದಲೇ ಸಂತ ಡವ್ರಿಗ್‌ನ ಮೂಳೆಗಳನ್ನು ಒಯ್ದಿದ್ದ. ಮೂಳೆ ಎಲ್ಲಿಂದ ತಂದರೋ ಆ ಜಾಗ ಹೆಚ್ಚು ಪವಿತ್ರ ಆದಷ್ಟೂ ತಂದವನಿಗೆ ಲಾಭ ಜಾಸ್ತಿ ಅಲ್ವಾ? ಹಾಗಂತ ಗೋರಿಗಳು ಸುಳ್ಳಲ್ಲ. ಅಗೆದಾಗ ಸಿಕ್ಕಿವೆ, ಹೂತಿದ್ದ ಒಬ್ಬನ ಬಾಯಲ್ಲಿ 10ನೇ ಶತಮಾನದ ಇಂಗ್ಲೆಂಡಿನ ಎಡ್ಗರ್ ರಾಜನ ಬೆಳ್ಳಿ ನಾಣ್ಯವೂ ಇತ್ತು.

ನಿಜಕ್ಕೂ ಹಳೆಯದು ನೋಡಬೇಕೆಂದರೆ ಈಚೆ ದಡದಲ್ಲಿದೆ. ಅಬರ್ಡ್ಯಾರನ್ ಊರಿನ ಸಂತ ಹವಿನ್ ಚರ್ಚಿನಲ್ಲಿ ಎರಡು ಕಲ್ಲುಗಳಿವೆ, ಹತ್ತಿರದ ಅನೆಲೋಗ್‌ನಲ್ಲಿ ಸಿಕ್ಕಿದ್ದು, 5-6ನೇ ಶತಮಾನದವು. ಪಾದ್ರಿ ಸೆನಾಕಸ್ ಬಹಳ ಮಂದಿ ಸಹೋದರರ ಜೊತೆ ಇಲ್ಲಿ ಮಲಗಿದ್ದಾನೆ ಅಂತ ಒಂದರ ಮೇಲೆ ಲ್ಯಾಟಿನ್‌ನಲ್ಲಿದೆ. ಆ ಸಹೋದರರು ಬಾರ್ಡ್ಸಿಯವರೇ ಅಂತ ನನ್ನ ಬಾಯಿಂದ ಹೇಳಿಸಬೇಡಿ, ಆದರೆ ಕ್ಯಾಡ್ವನ್ನನ ಕಾಲದ ಹತ್ತಿರಕ್ಕೆ ಹೋಗುವುದು ಆ ಕಲ್ಲುಗಳೇ. ಕಡಲ ಸೆಳೆತ ಜೋರಾಗಿ ದೋಣಿ ರದ್ದಾದ ದಿನ ಜನ ಮುಖ ಊದಿಸಿಕೊಂಡು ಸುಮ್ನೆ ಕಾರು ಹತ್ತಿ ವಾಪಸ್ ಹೋಗುತ್ತಾರೆ. ಚರ್ಚು ಅಲ್ಲೇ, ಮರಳಿಗೆ ತಾಗಿಕೊಂಡೇ ಇದೆ ಮಾರಾಯ್ರೆ.