ಅಪ್ಪನಿಗೆ ಸರ್ಕಾರಿ ಕೆಲಸ, ಪಿಂಚಣಿಯೂ ಇತ್ತು. ಮತ್ತೆ ಆ ಮನೆ ಕುಸಿದದ್ದೇಕೆ?

ಓದುಗರ ಪ್ರಶ್ನೆ: ಈಜಿಪ್ಟಿನ ಲೇಖಕ ನಜೀಬ್ ಮಹ್ಫೂಜರ ‘ಬಿದಾಯ ವ ನಿಹಾಯ’ (ಆದಿ ಮತ್ತು ಅಂತ್ಯ) ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದೇನೆ. ಯಜಮಾನ ತೀರಿಕೊಂಡ ಕೂಡಲೇ ಮನೆಯ ಸಾಮಾನು ಮಾರಾಟ ಶುರು. ಆತ ಸರ್ಕಾರಿ ನೌಕರ ತಾನೇ, ಪಿಂಚಣಿ ಬರಲಿಲ್ಲವೇ?

ಬಂತು, ತಿಂಗಳಿಗೆ 5 ಪೌಂಡ್. ಬದುಕಿದ್ದಾಗ ಯಜಮಾನ ಕಾಮಿಲ್ ಅಲಿಯ ಸಂಬಳ 17 ಪೌಂಡ್ ಇತ್ತು. ತಿನ್ನುವ ಬಾಯಿ ಒಂದು ಕಮ್ಮಿಯಾಯಿತು, ವರಮಾನ ಮೂರನೇ ಒಂದು ಪಾಲಿಗೂ ಕೆಳಗಿಳಿಯಿತು. ಈ ಅಂಕಿಗಳನ್ನು ಇಂದಿನ ಈಜಿಪ್ಟಿನ ಪೌಂಡಿನಲ್ಲಿ ಅಳೆಯಬೇಡಿ. ಕಥೆಯ ಕಾಲ 1930ರ ದಶಕದ ನಡುಭಾಗ. ಆಗ ಅದರ ಬೆಲೆ ಬ್ರಿಟಿಷ್ ಪೌಂಡಿಗಿಂತ ತುಸು ಹೆಚ್ಚೇ ಇತ್ತು. 5 ಪೌಂಡಿಗೆ ಹೊಟ್ಟೆ ತುಂಬೀತು, ಮಧ್ಯಮವರ್ಗದ ಮರ್ಯಾದೆ ಉಳಿಯದು.

ಆ ದುಡ್ಡಾದರೂ ತಕ್ಷಣ ಕೈಗೆ ಬರುವುದಿಲ್ಲ. ಕಡತ ಸಾಗಲು ತಿಂಗಳುಗಟ್ಟಲೆ ಬೇಕು. ತಾಯಿ ಅಹ್ಮದ್ ಬೇ ಯುಸ್ರಿ (‘ಬೇ’ ಎಂದರೆ ಗೌರವದ ಬಿರುದು) ಎಂಬ ದೊಡ್ಡ ಅಧಿಕಾರಿಯ ಬಾಗಿಲಿಗೆ ಹೋಗುವುದು ಇದಕ್ಕೇ. ಗಂಡ ಆತನನ್ನು ಗೆಳೆಯ ಎಂದುಕೊಂಡಿದ್ದ. ಬಂಗಲೆಯ ಮೆಟ್ಟಿಲು ಹತ್ತಿದ ಮೇಲೆ ಆ ಗೆಳೆತನದ ತೂಕ ಎಷ್ಟೆಂದು ಗೊತ್ತಾಗುತ್ತದೆ.

ತಾಯಿಯ ಲೆಕ್ಕಾಚಾರವನ್ನು ನಿಧಾನವಾಗಿ ಓದಿ. ನನ್ನ ಮಟ್ಟಿಗೆ ಪುಸ್ತಕದ ಜೀವ ಇರುವುದೇ ಅಲ್ಲಿ. ಬಾಡಿಗೆ ಉಳಿಸಲು ಕೈರೋದ ಶುಬ್ರಾ ಬಡಾವಣೆಯ ಅದೇ ಕಟ್ಟಡದ ನೆಲಮಹಡಿಗೆ ಇಳಿಯುತ್ತಾರೆ. ಹೈಸ್ಕೂಲಿಗೆ ಹೋಗುವ ಗಂಡುಮಕ್ಕಳು ಹುಸೇನ್, ಹಸನೈನ್‌ಗೆ ಕೈಖರ್ಚಿನ ಕಾಸು ನಿಲ್ಲುತ್ತದೆ. ಮಧ್ಯಾಹ್ನ ಶಾಲೆಯಲ್ಲಿ ಕೊಡುವ ಊಟವನ್ನೇ ಹೊಟ್ಟೆ ತುಂಬ ಉಣ್ಣಬೇಕು. ಮಗಳು ನಫೀಸಾ ಹಿಂದೆ ನೆರೆಯವರಿಗೆ ವಿಶ್ವಾಸಕ್ಕೆ ಬಟ್ಟೆ ಹೊಲಿದುಕೊಡುತ್ತಿದ್ದಳು. ಈಗ ಅದೇ ಕೈ, ಅದೇ ಸೂಜಿ, ಕೂಲಿ ಕೇಳಬೇಕು. ಕೂಲಿ ಕೇಳಿದ ಗಳಿಗೆಯಿಂದ ಅವಳು ನೌಕರನ ಮಗಳಲ್ಲ, ದರ್ಜಿಯವಳು. ಕೈಯಲ್ಲಿ ಕಾಸಿಲ್ಲ, ರೂಪವೂ ಇಲ್ಲ ಎಂದು ಜನ ಆಡಿಕೊಳ್ಳುವ ಹುಡುಗಿಗೆ ಇದು ಎಲ್ಲಿಗೆ ಮುಟ್ಟಿತು ಎನ್ನುವುದನ್ನು ನೀವೇ ಓದಿ.

ಅನೇಕರು ಗಮನಿಸದೆ ದಾಟಿಬಿಡುವ ಸಂಗತಿ ಒಂದಿದೆ: ಯಾವ ಖರ್ಚಿಗೆ ಯಾರ ದುಡ್ಡು? ಹುಸೇನ್ ಮುಂದೆ ಓದದೆ ತಾಂತಾ ಎಂಬ ಊರಿನ ಶಾಲೆಯೊಂದರಲ್ಲಿ ಗುಮಾಸ್ತನಾಗಿ ಮನೆಗೆ ಹಣ ಕಳಿಸುತ್ತಾನೆ. ಆದರೆ ಅಲ್ಲಿಗೆ ಹೊರಡಲು ಬೇಕಾದ ಖರ್ಚು ಬಂದದ್ದು ಹಿರಿಯಣ್ಣ ಹಸನ್ ಕೊಟ್ಟ ಬಳೆಗಳಿಂದ. ಹಸನ್ ಓದು ಬಿಟ್ಟ ಪುಂಡ. ಬಳೆಗಳು ಅವನ ಜತೆಗಿದ್ದ ಹೆಂಗಸಿನವು. ಹಸನೈನ್ ಸೈನಿಕ ಕಾಲೇಜಿನ ಫೀಸಿಗೂ ಇದೇ ಅಣ್ಣನ ಮುಂದೆ ನಿಲ್ಲುತ್ತಾನೆ.

ಆ ಕಾಲೇಜಿನ ಆಸೆ ಬರೀ ಕಲ್ಪನೆಯಲ್ಲ. 1936ರಲ್ಲಿ ಈಜಿಪ್ಟ್ ಬ್ರಿಟನ್ ಜತೆ ಮಾಡಿಕೊಂಡ ಒಪ್ಪಂದದ ನಂತರ ಅದರ ಬಾಗಿಲು ಸಾಧಾರಣ ಮನೆಗಳ ಹುಡುಗರಿಗೂ ತೆರೆಯಿತು. ಅಂಚೆ ನೌಕರನ ಮಗ, ಮುಂದೆ ಈಜಿಪ್ಟಿನ ಅಧ್ಯಕ್ಷನಾದ ನಾಸಿರ್ ಸೇರಿದ್ದು 1937ರಲ್ಲಿ. ಆದರೆ ಸೀಟಿಗೆ ಶಿಫಾರಸೂ ಬೇಕು, ಕಂತಿಗೆ ರೊಕ್ಕವೂ ಬೇಕು. ಶಿಫಾರಸು ಅಹ್ಮದ್ ಬೇ ಅವರದು, ರೊಕ್ಕ ಪುಂಡ ಅಣ್ಣನದು. ಮೈಮೇಲೆ ಸಮವಸ್ತ್ರ ಬಂದ ಮೇಲೆ ಹಸನೈನ್ ಅಣ್ಣ ಹಸನ್‌ಗೆ ಆ ಪುಂಡಾಟದ ಕಸುಬು ಬಿಡು ಎಂದು ಬುದ್ಧಿ ಹೇಳಲು ಹೋಗುತ್ತಾನೆ. ಆ ಪುಟಕ್ಕೆ ಬಂದಾಗ, ಫೀಸು ಕಟ್ಟಿದ ಪುಟವನ್ನೊಮ್ಮೆ ತಿರುಗಿಸಿ ನೋಡಿ.