ಪ್ರಾಗ್‌ನಲ್ಲಿ ಇಬ್ಬರೇ ಇರೋದಕ್ಕೆ ಜಾಗ ಸಿಗುತ್ತಾ?

ಪ್ರಶ್ನೆ: ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು ಅಂತ ನಾವಿಬ್ಬರೂ ಪ್ರಾಗ್‌ಗೆ ಹೊರಟಿದ್ದೇವೆ. ಫೋಟೋಗಳಲ್ಲಿ ಅಲ್ಲಿನ ಹಳೇ ಸೇತುವೆ ಖಾಲಿ ಕಾಣುತ್ತೆ. ಹೋಗಿ ಬಂದವರು ಮಾತ್ರ ಜಾತ್ರೆ ಅಂತಾರೆ. ಯಾವುದು ನಿಜ?

ಎರಡೂ ನಿಜ. ಫೋಟೋ ತೆಗೆದವರು ಬೆಳಿಗ್ಗೆ ಐದೂವರೆಗೆ ಅಲ್ಲಿದ್ದರು. ಜಾತ್ರೆ ಅಂದವರು ಹೋಟೆಲ್‌ನಲ್ಲಿ ತಿಂಡಿ ಮುಗಿಸಿ ಹತ್ತು ಗಂಟೆಗೆ ಹೋಗಿದ್ದರು.

ಐದೂವರೆ ಅಂದದ್ದು ಸುಮ್ನೆ ಅಲ್ಲ. ಚಾರ್ಲ್ಸ್ ಸೇತುವೆಗೆ ಒಂದು ಮುಹೂರ್ತದ ಕಥೆಯೇ ಇದೆ. ದೊರೆ ನಾಲ್ಕನೇ ಚಾರ್ಲ್ಸ್ ಇದರ ಮೊದಲ ಕಲ್ಲು ಇಡಿಸಿದ್ದು 1357ರಲ್ಲಿ. ಜೋಯಿಸರ ಮಾತು ಕೇಳಿ, ಜುಲೈ 9ರ ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಸರಿಯಾಗಿ ಇಡಿಸಿದ ಅನ್ನುತ್ತಾರೆ. ವರ್ಷ, ದಿನ, ತಿಂಗಳು, ಗಂಟೆ, ನಿಮಿಷ ಸಾಲಾಗಿ ಬರೆದರೆ 135797531. ಹಿಂದಿನಿಂದ ಓದಿದರೂ ಅದೇ! ಗಳಿಗೆಯ ಲೆಕ್ಕ ಎಷ್ಟು ನಿಜವೋ, ಆದರೆ ಗುದ್ದಲಿ ಪೂಜೆಗೆ ಹೀಗೆ ಗಳಿಗೆ ನೋಡುವವರು ನಮ್ಮಲ್ಲಿ ಮಾತ್ರ ಇಲ್ಲ ಅಂತ ಖುಷಿಯಾಗುತ್ತೆ.

ಆ ಗಳಿಗೆಗೇ ನೀವೂ ಹೋಗಿ. ಜೂನ್, ಜುಲೈನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಐದರ ಹೊತ್ತಿಗೆ. ಸೇತುವೆ ಅರ್ಧ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ, ಅಗಲ ಬರೀ ಹತ್ತು ಮೀಟರ್‌ನಷ್ಟು. ವಾಹನ ಬಿಡುವುದಿಲ್ಲ. ಆದರೂ ಹಗಲು ಜನ ಜಾಸ್ತಿಯಾದರೆ ಕಾಲಿಡಲೂ ಜಾಗ ಇರಲ್ಲ. ಬೆಳಿಗ್ಗೆ ಮಾತ್ರ ಎರಡೂ ಕಡೆಯ ಮೂವತ್ತು ಮೂರ್ತಿಗಳು, ಕೆಳಗೆ ವಲ್ಟಾವಾ ನದಿ, ಒಬ್ಬಿಬ್ಬರು ಫೋಟೋಗ್ರಾಫರ್‌ಗಳು, ಅಷ್ಟೇ.

ಬೆಳಿಗ್ಗೆ ಏಳೋದು ನಮ್ಮಿಂದ ಆಗಲ್ಲ ಅಂತೀರಾ? ಹಾಗಿದ್ದರೆ ಚಳಿಗಾಲದಲ್ಲಿ ಹೋಗಿ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಎಂಟರ ಹತ್ತಿರ. ಆರಾಮಾಗಿ ಎದ್ದು, ಕಾಫಿ ಕುಡಿದು, ಸೂರ್ಯೋದಯ ನೋಡಬಹುದು. ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ ಸಂಜೆ ಒಬ್ಬ ದೀಪದವನು ಬಂದು ಸೇತುವೆಯ ಗ್ಯಾಸ್ ದೀಪಗಳನ್ನು ಕೋಲಿನಿಂದ ಒಂದೊಂದಾಗಿ ಹಚ್ಚುತ್ತಾನೆ. ಆಗ ಕ್ರಿಸ್ಮಸ್ ಸಂತೆಗೆ ಬಂದ ಜನವೂ ಇರುತ್ತಾರೆ ಅನ್ನಿ. ನನ್ನನ್ನು ಕೇಳಿದರೆ ಜನವರಿ ಕೊನೆ, ಫೆಬ್ರವರಿ ವಾಸಿ. ಮೈ ಕೊರೆಯುವ ಚಳಿ, ಆದರೆ ಊರು ನಿಮ್ಮದೇ.

ಸೇತುವೆ ಮೇಲೆ ಒಬ್ಬರನ್ನು ಮಾತ್ರ ನಿಂತು ಮಾತಾಡಿಸಿ ಬನ್ನಿ. ತಲೆಯ ಸುತ್ತ ಐದು ನಕ್ಷತ್ರ ಇರುವ ಸಂತ, ನೆಪೊಮುಕ್‌ನ ಜಾನ್. ರಾಣಿ ತನ್ನ ಹತ್ತಿರ ಹೇಳಿಕೊಂಡ ಗುಟ್ಟನ್ನು ರಾಜನಿಗೆ ಹೇಳಲಿಲ್ಲ ಅಂತ 1393ರಲ್ಲಿ ಇವನನ್ನು ನದಿಗೆ ಎಸೆದರು ಅನ್ನುವುದು ಜನರ ಕಥೆ. ಇತಿಹಾಸದವರು, ಅದೆಲ್ಲ ಅರಮನೆಗೂ ಚರ್ಚಿಗೂ ಇದ್ದ ಜಗಳ ಅಂತಾರೆ. ಗಂಡ ಹೆಂಡತಿ ಜೊತೆಗೆ ಹೋದಾಗ ಜನರ ಕಥೆಯೇ ಚೆಂದ, ಅಲ್ವಾ? ಮೂರ್ತಿ 1683ರದ್ದು. ಈ ಸೇತುವೆಯಲ್ಲಿ ಉಳಿದಿರುವ ಮೂರ್ತಿಗಳಲ್ಲೆಲ್ಲ ಹಳೆಯದು. ಕೆಳಗಿನ ಕಂಚಿನ ಫಲಕ ಮುಟ್ಟಿದರೆ ಒಳ್ಳೆಯದಾಗುತ್ತೆ ಅಂತ ಜನ ಸವರಿ ಸವರಿ ಬಂಗಾರದ ಹಾಗೆ ಹೊಳೆಯುತ್ತಿದೆ.

ಇನ್ನೊಂದು ಮಾತು. ಸೇತುವೆ ಮೇಲೆ ನಿಂತರೆ ಸೇತುವೆಯೇ ಕಾಣಲ್ಲ! ಅದನ್ನು ನೋಡಲು ಪಕ್ಕದ ಸೇತುವೆಗೆ ಹೋಗಬೇಕು. ಉತ್ತರಕ್ಕೆ ಮಾನೆಸ್ ಸೇತುವೆ ಇದೆ. ಅದರ ಹತ್ತಿರ, ಪ್ರಾಗ್ ಅರಮನೆ ಇರುವ ದಂಡೆಯಲ್ಲಿ, ಹಂಸಗಳ ಹಿಂಡೇ ಇರುತ್ತೆ. ದಕ್ಷಿಣಕ್ಕೆ ನ್ಯಾಷನಲ್ ಥಿಯೇಟರ್ ಪಕ್ಕದ ಸ್ಲೊವಾನ್ಸ್ಕಿ ದ್ವೀಪದಲ್ಲಿ, ಬೆಚ್ಚಗಿನ ತಿಂಗಳುಗಳಲ್ಲಿ, ಹುಟ್ಟು ಹಾಕುವ ದೋಣಿ, ಕಾಲಲ್ಲಿ ತುಳಿಯುವ ದೋಣಿ ಎರಡೂ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತವೆ. ನೂರಾರು ಜನರನ್ನು ತುಂಬಿಸಿಕೊಂಡು, ಮೈಕಿನಲ್ಲಿ ವಿವರಣೆ ಹೇಳುತ್ತ ಹೋಗುವ ದೊಡ್ಡ ದೋಣಿಗಿಂತ ಇದು ಎಷ್ಟೋ ಪಾಲು ಮೇಲು. ಸಂಜೆ ಹೋಗಿ. ಯಾರು ತುಳಿಯಬೇಕು ಅನ್ನುವುದು ನಿಮ್ಮ ನಿಮ್ಮಲ್ಲೇ ಇತ್ಯರ್ಥ ಮಾಡಿಕೊಳ್ಳಿ.

ಏಪ್ರಿಲ್ ಕೊನೆಗೆ ಹೋಗುವುದಾದರೆ ಮೇ 1ನ್ನು ಬಿಡಬೇಡಿ. ಜೆಕ್ ಜನಕ್ಕೆ ಅದು ಪ್ರೇಮಿಗಳ ದಿನ. ಪೆಟ್ರಿನ್ ಗುಡ್ಡದಲ್ಲಿ ಕರೆಲ್ ಹಿನೆಕ್ ಮಾಖಾ ಅನ್ನುವ ಕವಿಯ ಮೂರ್ತಿ ಇದೆ. ಜೋಡಿಗಳು ಅಲ್ಲಿ ಹೂವಿಟ್ಟು, ಹೂಬಿಟ್ಟ ಚೆರ್ರಿ ಮರದ ಕೆಳಗೆ ಮುತ್ತು ಕೊಟ್ಟುಕೊಳ್ಳುತ್ತಾರೆ. ಆವತ್ತು ಮುತ್ತು ಸಿಗದ ಹೆಣ್ಣು ವರ್ಷದೊಳಗೆ ಒಣಗಿಹೋಗುತ್ತಾಳೆ ಅನ್ನುವ ನಂಬಿಕೆ! ಅಲ್ಲಿನ ಅಜ್ಜ ಅಜ್ಜಿಯರೂ ಈ ವಿಷಯದಲ್ಲಿ ರಿಸ್ಕ್ ತೆಗೆದುಕೊಳ್ಳುವುದಿಲ್ಲ.

ಹಳೇ ಊರಿನ ಚೌಕದಲ್ಲಿರುವ ಹೆಸರಾಂತ ಗಡಿಯಾರದ ಗೋಪುರಕ್ಕೆ ಒಂದು ಗಳಿಗೆ ಸಾಕು. 1410ರ ಯಂತ್ರ ಇನ್ನೂ ನಡೆಯುತ್ತಿದೆ ಅನ್ನುವುದೇ ದೊಡ್ಡ ವಿಷಯ. ಆದರೆ ಗಂಟೆಗೊಮ್ಮೆ ಬೊಂಬೆಗಳು ಸುತ್ತುವುದು ಒಂದು ನಿಮಿಷವೂ ಇರಲ್ಲ. ಅಷ್ಟೊತ್ತಿಗೆ ನಿಮ್ಮ ಮುಂದೆ ಇನ್ನೂರು ಮೊಬೈಲು. ಅದರ ಬದಲು ಒಂದು ಸಂಜೆಯನ್ನು ವಿಶೆಹ್ರಾಡ್‌ಗೆ ಕೊಡಿ. ನದಿಯ ಮೇಲಿನ ಬಂಡೆಯ ಮೇಲೆ ಹಳೇ ಕೋಟೆ, ಒಳಗೆ ನಡೆದಾಡಲು ದುಡ್ಡಿಲ್ಲ. ಗೋಡೆಯಂಚಿನಲ್ಲಿ ಕೂತರೆ ನದಿ, ಊರು, ದೂರದ ಅರಮನೆ ಎಲ್ಲ ಕಾಣುತ್ತೆ. ಟೂರಿಸ್ಟ್ ಬಸ್ಸಿನವರು ಇಲ್ಲಿಗೆ ಬರುವುದು ಕಮ್ಮಿ.

ಸಸ್ಯಾಹಾರಿಗಳಾದರೆ 'ಸ್ಮಝೆನಿ ಸಿರ್' ಕೇಳಿ. ಚೀಸನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಹೊರಳಿಸುವ ಮುಂಚೆ ಮೊಟ್ಟೆಯಲ್ಲಿ ಅದ್ದುತ್ತಾರೆ. ಮೊಟ್ಟೆ ತಿನ್ನದವರು ಗಮನಿಸಿ. ಅಲ್ಲಿ ನಡೆಯುವುದು ಯೂರೋ ಅಲ್ಲ, ಕೊರುನಾ. ಟ್ರಾಮ್‌ನ ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತಿದ ಕೂಡಲೇ ಹಳದಿ ಮೆಷಿನ್‌ನಲ್ಲಿ ಮುದ್ರೆ ಹಾಕಿಸಬೇಕು. ಇಲ್ಲದಿದ್ದರೆ ದಂಡ.

ಬೀದಿಗಳೆಲ್ಲ ಕಲ್ಲುಹಾಸು. ಹೀಲ್ಸ್ ಮನೆಯಲ್ಲೇ ಇರಲಿ. ನಮ್ಮದೇ ಅಂತ ಎಷ್ಟೋ ಜನ ಅಂದುಕೊಂಡಿರುವ ಬಾಟಾ ಹುಟ್ಟಿದ್ದು ಈ ದೇಶದಲ್ಲೇ, 1894ರಲ್ಲಿ, ಜ್ಲೀನ್ ಅನ್ನುವ ಊರಿನಲ್ಲಿ. ಅವರ ಹಳೇ ಗಾಜಿನ ಕಟ್ಟಡ ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿದೆ. ಹಾದಿಯಲ್ಲಿ ಕಂಡರೆ ಮನೆಯವರಿಗೆ ತೋರಿಸಿ.